ಗೋಡೆ ಗಡಿಯಾರ ಮೊಟ್ಟೆಯಾಗಿದ್ದು ಯಾಕೆ?

ಚಿಕ್ಕಮ್ಮನ ಮನೆ ಗೃಹಪ್ರವೇಶವನ್ನು 360 ಡಿಗ್ರಿ ಕ್ಯಾಮೆರಾದಲ್ಲಿ ತೆಗೆದಿದ್ದೆ. ಟಿವಿಯಲ್ಲಿ ನೋಡೋಕೆ ಅದರಿಂದ ಸಾದಾ ವಿಡಿಯೋ ಮಾಡಿಕೊಡಬೇಕಿತ್ತು. ನಾನು ಇದಕ್ಕೆ ಬಳಸೋದು ವಿಡಿಯೋ ಬದಲಾಯಿಸುವ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನ ವಿ360 ಫಿಲ್ಟರ್. ಅಗಲಕ್ಕೆ ಎಷ್ಟು ಡಿಗ್ರಿ ಕಾಣಬೇಕು, ಎತ್ತರಕ್ಕೆ ಎಷ್ಟು ಅಂತ ಅದಕ್ಕೆ ಹೇಳಬಹುದು. ಅಗಲಕ್ಕೆ 90 ಕೊಟ್ಟೆ. ಚಿತ್ರ 16:9 ತಾನೇ? ಸುಮ್ನೆ 90ನ್ನು ಅದೇ ಲೆಕ್ಕದಲ್ಲಿ ಇಳಿಸಿ ಎತ್ತರಕ್ಕೆ 50.6 ಹಾಕಿದೆ.

ಹಾಲ್‌ನ ಗೋಡೆ ಗಡಿಯಾರ ಚಿತ್ರದ ನಡುವೆಯೇ ಇತ್ತು. ಆದರೂ ಮೊಟ್ಟೆಯ ಹಾಗೆ ಕಾಣುತ್ತಿತ್ತು. ಮೊದಲು ಲೆನ್ಸನ್ನು ಬೈದೆ.

ಕೊನೆಗೆ ಒಂದು ಚೌಕಳಿ ಚಿತ್ರ ಮಾಡಿದೆ. 3840x1920 ಪಿಕ್ಸೆಲ್, 160ಕ್ಕೊಂದು ಗೆರೆ. ಇಡೀ ಅಗಲ 360 ಡಿಗ್ರಿ, ಹಾಗಾಗಿ ಗೆರೆಯಿಂದ ಗೆರೆಗೆ ಸರಿಯಾಗಿ 15 ಡಿಗ್ರಿ. ಅದನ್ನು ಅದೇ ಸೆಟ್ಟಿಂಗ್‌ನಲ್ಲಿ 1920x1080ಕ್ಕೆ ತೆಗೆದು, ನಟ್ಟನಡುವಿನಿಂದ ಅಳೆದೆ. ಪಕ್ಕದ ಮೊದಲ ಗೆರೆ 257 ಪಿಕ್ಸೆಲ್ ದೂರ. ಮೇಲಿನದು 306! ಎರಡೂ 15 ಡಿಗ್ರಿಯೇ ಅಲ್ವಾ?

ತಪ್ಪು ನನ್ನದೇ. ಚಪ್ಪಟೆ ಚಿತ್ರದಲ್ಲಿ ನಡುವಿನಿಂದ ದೂರ ಹೆಚ್ಚುವುದು ಕೋನದ ಲೆಕ್ಕದಲ್ಲಲ್ಲ, ಕೋನದ ಟ್ಯಾನ್ (ತ್ರಿಕೋನಮಿತಿಯ ಟ್ಯಾಂಜೆಂಟ್) ಲೆಕ್ಕದಲ್ಲಿ. 90ರ ಅರ್ಧ 45, ಅದರ ಟ್ಯಾನ್ 1. ಅದನ್ನು 9/16ರಿಂದ ಗುಣಿಸಿದರೆ 0.5625. ಇಷ್ಟು ಟ್ಯಾನ್ ಇರುವ ಕೋನ 29.36, ಎರಡರಷ್ಟು ಮಾಡಿದರೆ 58.7. ಪಿಯುಸಿಯಲ್ಲಿ ಉರು ಹೊಡೆದಿದ್ದು ಗೃಹಪ್ರವೇಶದ ವಿಡಿಯೋಗೆ ಬೇಕಾಯ್ತು ನೋಡಿ. 58.7 ಹಾಕಿದೆ. ಪಕ್ಕಕ್ಕೂ 257, ಮೇಲಕ್ಕೂ 257.

ಒಂದು ಮಾತು. ಅಂಕಿ ಸರಿಯಿದೆಯಾ ಅಂತ ಗಡಿಯಾರ ನೋಡಿ ಹೇಳೋಕೆ, ಅದು ಚಿತ್ರದ ಮೂಲೆಯಲ್ಲಿದ್ದರೆ ಆಗೋದಿಲ್ಲ. ಅಂಕಿ ಎಷ್ಟೇ ಸರಿಯಿದ್ದರೂ ಚಪ್ಪಟೆ ಚಿತ್ರದ ಅಂಚಿನಲ್ಲಿ ದುಂಡಗಿನದು ಎಳೆದ ಹಾಗೇ ಕಾಣುತ್ತದೆ.

ಲೆನ್ಸಿನ ಅಂಕಿಯಲ್ಲೂ ಹೀಗೇ ಒಮ್ಮೆ ಎಡವಿದ್ದೆ. ಕ್ಯಾಮೆರಾಗೆ ಎರಡು ಫಿಶ್‌ಐ (ತುಂಬಾ ಅಗಲಕ್ಕೆ ನೋಡುವ) ಲೆನ್ಸ್ ಇದ್ದರೆ ಒಂದೊಂದು 180 ಡಿಗ್ರಿ ನೋಡಬೇಕು ಅಂದುಕೊಂಡಿದ್ದೆ. ಎರಡರ ಚಿತ್ರ ಜೋಡಿಸೋಕೆ ಅನುಕೂಲವಾಗಲಿ ಅಂತ ಅವು ಅದಕ್ಕಿಂತ ಜಾಸ್ತಿಯೇ ನೋಡುತ್ತವೆ. ಫಿಲ್ಟರ್‌ಗೆ 180 ಕೊಟ್ಟಾಗ ಜೋಡಣೆಯ ಜಾಗದಲ್ಲಿದ್ದ ಬಾಗಿಲ ಚೌಕಟ್ಟು ಎರಡೆರಡು ಕಂಡಿತು. ಒಂದೊಂದೇ ಡಿಗ್ರಿ ಏರಿಸುತ್ತಾ, ಎರಡೂ ಒಂದಾಗುವವರೆಗೆ ಹೋದೆ. ದೂರದ ವಸ್ತು ನೋಡಿಕೊಂಡೇ ಇದನ್ನು ಮಾಡಿ, ಹತ್ತಿರದ್ದು ಯಾವ ಅಂಕಿಗೂ ಪೂರ್ತಿ ಕೂಡುವುದಿಲ್ಲ.

ಸರಿಮಾಡಿದ ವಿಡಿಯೋ ಕಳಿಸಿದೆ. ಚಿಕ್ಕಮ್ಮ ಫೋನ್ ಮಾಡಿದರು. "ಮೊದಲನೇದೇ ಇರ್ಲಿ ಕಣೋ, ಅದ್ರಲ್ಲಿ ನಾನು ಸಣ್ಣಗೆ ಕಾಣ್ತಿದ್ದೆ."