ಮಕ್ಕಳ ಜೊತೆ ಕಾರಿನಲ್ಲಿ ದೂರದ ಪ್ರಯಾಣ: ಮೊದಲು ಗಂಟೆಯ ಲೆಕ್ಕ, ಆಮೇಲೆ ಊರಿನ ಮಾತು

ಮೊಬೈಲ್ ನಕ್ಷೆ ಎಂಟು ಗಂಟೆ ಎಂದು ತೋರಿಸುತ್ತದೆ. ಆ ಎಂಟು ಗಂಟೆಯಲ್ಲಿ ಯಾರಿಗೂ ಮೂತ್ರ ಬರುವುದಿಲ್ಲ, ಯಾರೂ ವಾಂತಿ ಮಾಡುವುದಿಲ್ಲ, ಯಾರ ಆಟಿಕೆಯೂ ಸೀಟಿನ ಕೆಳಗೆ ಉರುಳಿ ಹೋಗುವುದಿಲ್ಲ. ಮಕ್ಕಳಿರುವ ಕಾರಿನಲ್ಲಿ ಇಷ್ಟೂ ನಡೆಯುತ್ತದೆ, ಕೆಲವೊಮ್ಮೆ ಮೊದಲ ಗಂಟೆಯಲ್ಲೇ. ಹಾಗಾಗಿ ಎಲ್ಲಿಗೆ ಹೋಗೋಣ ಎಂದು ಕೇಳುವ ಮೊದಲು, ನಮ್ಮ ಮನೆಯ ಅತಿ ಚಿಕ್ಕ ಮಗು ಒಂದು ದಿನಕ್ಕೆ ಎಷ್ಟು ಹೊತ್ತು ಕಾರಿನಲ್ಲಿ ಕೂರಬಲ್ಲದು ಎಂದು ಕೇಳಿಕೊಳ್ಳಿ. ಉಳಿದ ತಯಾರಿಯೆಲ್ಲ ಆ ಉತ್ತರವನ್ನೇ ಹಿಡಿದು ಸಾಗುತ್ತದೆ.

ಹೆಜ್ಜೆ 1: ದಾರಿಯನ್ನು ತುಂಡು ಮಾಡಿ

ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು. ಇದು ಮಕ್ಕಳಿಗೆ ಎಷ್ಟು ಬೇಕೋ ಓಡಿಸುವವರಿಗೂ ಅಷ್ಟೇ ಬೇಕು. ಸಣ್ಣ ನಿಲುಗಡೆಗೆ ಇಪ್ಪತ್ತರಿಂದ ಮೂವತ್ತು ನಿಮಿಷ, ಊಟಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಹೀಗೆ ಕೂಡಿಸಿದರೆ ನಕ್ಷೆಯ ಎಂಟು ಗಂಟೆ ಸಲೀಸಾಗಿ ಹತ್ತಾಗುತ್ತದೆ. ಐದು ವರ್ಷದೊಳಗಿನ ಮಗು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿಯೇ ಹಿಡಿಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ಮಕ್ಕಳಿದ್ದಾಗ ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ಚಕ್ರ ಉರುಳಬಾರದು. ಅದಕ್ಕಿಂತ ದೂರವಿದ್ದರೆ ನಡುವೆ ಒಂದು ರಾತ್ರಿ ತಂಗಿ. ಒಂದು ದಿನ ಉಳಿಸಲು ಹೋಗಿ ಮರುದಿನವನ್ನೆಲ್ಲ ಸುಸ್ತಿನಲ್ಲಿ ಕಳೆಯುವುದು ಯಾವ ಉಳಿತಾಯ?

ಎಲ್ಲೆಲ್ಲಿ ನಿಲ್ಲಿಸುವುದು ಎಂದು ಮೊದಲೇ ಗುರುತು ಮಾಡಿಕೊಳ್ಳಿ. ಶೌಚಾಲಯ, ನೆರಳು, ಮಕ್ಕಳು ರಸ್ತೆಯಿಂದ ದೂರ ಓಡಾಡಲು ಜಾಗ. ಈ ಮೂರೂ ಇದ್ದರೆ ಸಾಕು, ನೋಡಲು ಚೆಂದವಿರಬೇಕು ಎಂದೇನಿಲ್ಲ. ನೆಟ್‌ವರ್ಕ್ ಸಿಗದ ಕಡೆಯೂ ಇರುತ್ತದೆ, ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಹೆಜ್ಜೆ 2: ಹೊರಡುವ ಹೊತ್ತು

ರಾತ್ರಿ ಹೊರಟರೆ ಮಕ್ಕಳು ಮಲಗಿಬಿಡುತ್ತಾರೆ, ರಗಳೆಯೇ ಇರುವುದಿಲ್ಲ ಎಂದು ತುಂಬಾ ಜನ ಹೇಳುತ್ತಾರೆ. ಮಕ್ಕಳ ವಿಷಯದಲ್ಲಿ ಅದು ನಿಜ. ಆದರೆ ಸ್ಟೀರಿಂಗ್ ಹಿಡಿದವರಿಗೂ ನಿದ್ದೆ ಬರುತ್ತದೆ, ಅಲ್ವಾ? ನಸುಕಿನ ಎರಡರಿಂದ ಆರರವರೆಗೆ ನಮ್ಮ ದೇಹ ನಿದ್ದೆಗೆ ಎಳೆಯುತ್ತಲೇ ಇರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆಯೂ ಹಾಗೇ, ಸ್ವಲ್ಪ ಕಡಿಮೆ ಅಷ್ಟೇ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಸೇರಿದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಬೆಳಿಗ್ಗೆ ಆರಕ್ಕೆ ಎದ್ದು, ದಿನವಿಡೀ ಕೆಲಸ ಮಾಡಿ, ರಾತ್ರಿ ಹತ್ತಕ್ಕೆ ಗಾಡಿ ತೆಗೆದರೆ ಹನ್ನೊಂದಕ್ಕೇ ಆ 17 ಗಂಟೆ ತುಂಬುತ್ತದೆ. ಇನ್ನೂ ಊರು ದಾಟಿರುವುದೂ ಅನುಮಾನ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 110 ಮೀಟರ್ ಮುಂದೆ ಹೋಗಿರುತ್ತದೆ, ಓಡಿಸುವವರೇ ಇಲ್ಲದೆ.

ಒಳ್ಳೆಯ ದಾರಿ ಎಂದರೆ ರಾತ್ರಿ ಪೂರ್ತಿ ನಿದ್ದೆ ಮಾಡಿ ಬೆಳಗಾಗುವ ಹೊತ್ತಿಗೆ ಹೊರಡುವುದು. ಮಕ್ಕಳು ಮೊದಲ ಒಂದೆರಡು ಗಂಟೆ ಅರೆನಿದ್ದೆಯಲ್ಲೇ ಕಳೆಯುತ್ತಾರೆ, ರಸ್ತೆಯೂ ಖಾಲಿ ಇರುತ್ತದೆ. ಇದಕ್ಕಾಗಿ ಸಾಮಾನು ಕಟ್ಟುವ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು. ಓಡಿಸುವವರನ್ನು ಆ ಕೆಲಸದಿಂದ ಬಿಟ್ಟು ಬೇಗ ಮಲಗಿಸಿ.

ಹೆಜ್ಜೆ 3: ಮಗುವಿನ ಸೀಟು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಯುವುದೂ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬೀಳುವುದೂ ಒಂದೇ. ಆ ಗಳಿಗೆಯಲ್ಲಿ ದೇಹದ ಮೇಲೆ ಬೀಳುವ ಬಲ ಅದರ ತೂಕದ ಇಪ್ಪತ್ತು ಮೂವತ್ತು ಪಟ್ಟು ಆಗಬಹುದು. ಹತ್ತು ಕಿಲೋ ಮಗುವನ್ನು ತಡೆಯಲು ಇನ್ನೂರು ಮುನ್ನೂರು ಕಿಲೋ ಹಿಡಿಯುವ ಶಕ್ತಿ ಬೇಕು. ಅಮ್ಮನ ಮಡಿಲು ಎಷ್ಟೇ ಬೆಚ್ಚಗಿದ್ದರೂ ಆ ಕೆಲಸ ಅದರಿಂದ ಆಗುವುದಿಲ್ಲ. ಒಂದೇ ಬೆಲ್ಟನ್ನು ದೊಡ್ಡವರೂ ಮಗುವೂ ಸೇರಿ ಹಾಕಿಕೊಳ್ಳುವುದು ಇನ್ನೂ ಅಪಾಯ. ದೊಡ್ಡವರ ಭಾರವೇ ಮಗುವನ್ನು ಅಪ್ಪಚ್ಚಿ ಮಾಡುತ್ತದೆ.

ಹಸುಳೆಗಳು, ಪುಟ್ಟ ಮಕ್ಕಳು ಕಾರಿನ ಆಸನಕ್ಕೆ ಬಿಗಿಯುವ ಮಕ್ಕಳ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರಬೇಕು. ಆ ಸೀಟಿನ ತೂಕ, ಎತ್ತರದ ಮಿತಿ ಮುಗಿಯುವವರೆಗೂ ಹಾಗೇ ಕೂರಿಸಿ. ಇಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಎಂದಿಗೂ ಇಡಬಾರದು. ಆಮೇಲೆ ಮುಂದಕ್ಕೆ ಮುಖ ಮಾಡುವ ಸೀಟು, ಅದಾದ ಮೇಲೆ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು. ಬರೀ ಕಾರಿನ ಬೆಲ್ಟ್ ಸಾಲುವುದು ಮಗು ಸುಮಾರು 145 ಸೆಂ.ಮೀ. ಬೆಳೆದ ಮೇಲೆ. ದೇಶದಿಂದ ದೇಶಕ್ಕೆ ಕಾನೂನು 135ರಿಂದ 150 ಸೆಂ.ಮೀ. ಎನ್ನುತ್ತದೆ. ಅಳತೆ ಪಟ್ಟಿ ಇಲ್ಲದೆಯೂ ನೋಡಬಹುದು. ಬೆನ್ನು ಪೂರ್ತಿ ಒರಗಿ ಕೂತಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚಬೇಕು. ಕೆಳಗಿನ ಬೆಲ್ಟ್ ಹೊಟ್ಟೆಯ ಮೇಲೆ ಏರದೆ ತೊಡೆಯ ಮೇಲ್ಭಾಗದಲ್ಲಿ ಕೂರಬೇಕು. ಮೇಲಿನದು ಕುತ್ತಿಗೆಗೆ ತಾಗದೆ ಹೆಗಲ ನಡುವೆ ಹಾಯಬೇಕು. ಹದಿಮೂರು ತುಂಬುವವರೆಗೂ ಹಿಂದಿನ ಸೀಟೇ ಒಳ್ಳೆಯದು.

ಮಗುವಿನ ಸೀಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ತಿಳಿಯಲು ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಬಟ್ಟೆಯ ಮಡಿಕೆ ಬೆರಳಿಗೆ ಸಿಕ್ಕಿದರೆ ಸಡಿಲ ಇದೆ ಎಂದರ್ಥ, ಬೆರಳು ಜಾರಿದರೆ ಸರಿ ಇದೆ. ದಪ್ಪ ಜಾಕೆಟ್ ಹಾಕಿಸಿ ಮೇಲೆ ಬೆಲ್ಟ್ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಆಗಿರುವುದಿಲ್ಲ. ಜಾಕೆಟ್ ತೆಗೆದು ಕೂರಿಸಿ, ಚಳಿಯಾದರೆ ಪಟ್ಟಿಯ ಮೇಲೆ ಹೊದಿಕೆ ಹೊದಿಸಿ. ಸೀಟನ್ನೂ ಅಲ್ಲಾಡಿಸಿ ನೋಡಿ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಎಳೆದಾಗ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಬಾಡಿಗೆ ಕಾರಾದರೆ ನಿಮ್ಮ ಸೀಟು ಅದಕ್ಕೆ ಕೂರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕೈಗೂಸು ಇದ್ದರೆ ಇನ್ನೊಂದು ಮಾತು. ಸೀಟಿನಲ್ಲಿ ಒಂದೇ ಸಮ ಎರಡು ಗಂಟೆಗಿಂತ ಹೆಚ್ಚು ಬೇಡ. ಒಂದು ತಿಂಗಳೂ ತುಂಬದ ಮಗುವಿಗೆ ಅರ್ಧ ಗಂಟೆಯೇ ಜಾಸ್ತಿ. ತಲೆ ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಊರು ತಲುಪಿದ ಮೇಲೆ "ಪಾಪ, ಮಲಗಿದೆ" ಎಂದು ಸೀಟಿನಲ್ಲೇ ಬಿಡಬೇಡಿ. ಎತ್ತಿ ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ.

ಹೆಜ್ಜೆ 4: ಗಾಡಿ

ಸರ್ವಿಸ್ ಮಾಡಿಸುವುದಿದ್ದರೆ ಒಂದು ವಾರ ಮೊದಲೇ ಮಾಡಿಸಿ. ಏನಾದರೂ ಎಡವಟ್ಟಾಗಿದ್ದರೆ ಊರಲ್ಲೇ ಓಡಾಡುವಾಗ ಗೊತ್ತಾಗಲಿ. ಬ್ರೇಕ್, ಕೂಲಂಟ್, ವೈಪರ್, ಎಲ್ಲ ದೀಪಗಳನ್ನು ನೋಡಿಸಿ.

ಟೈರ್ ಮಾತ್ರ ನೀವೇ ನೋಡಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಎಷ್ಟು ಗಾಳಿ ಬೇಕು ಎನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿರುತ್ತದೆ. ಪೂರ್ತಿ ಜನ, ಸಾಮಾನು ತುಂಬಿದಾಗ ಬೇಕಾದ ಅಂಕಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ನೋಡಲು ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟೈರ್ ಬೇಡ. ಸ್ಟೆಪ್ನಿಗೂ ಇದೇ ಮಾತು.

ಹೆಜ್ಜೆ 5: ಸಾಮಾನು

ಭಾರವಾದದ್ದು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಏನನ್ನೂ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಅಲ್ಲಿನ ನೀರಿನ ಬಾಟಲಿ ನೇರ ಮಗುವಿನ ತಲೆಗೇ ಬರುತ್ತದೆ. ಸ್ಟೆಪ್ನಿ ಸಾಮಾನಿನ ಅಡಿಯಲ್ಲಿದ್ದರೆ ಪಂಕ್ಚರ್ ಆದಾಗ ಎಲ್ಲವನ್ನೂ ರಸ್ತೆ ಪಕ್ಕ ಇಳಿಸಬೇಕಾಗುತ್ತದೆ ಎನ್ನುವುದನ್ನು ನೆನಪಿಡಿ. ಜಾಕ್, ಪಾನಾ, ಟಾರ್ಚ್ ಕೈಗೆ ಸಿಗುವಂತಿರಲಿ.

ದೊಡ್ಡ ಚೀಲಗಳಿಗಿಂತ ಮುಖ್ಯವಾದದ್ದು ಕಾಲಬಳಿಯ ಚಿಕ್ಕ ಚೀಲ. ಅದರಲ್ಲಿ ಪ್ರತಿ ಮಗುವಿಗೆ ಒಂದು ಜಿಪ್ ಕವರ್, ಒಳಗೆ ಒಂದು ಜೊತೆ ಪೂರ್ತಿ ಬಟ್ಟೆ. ಒದ್ದೆಯಾದ ಬಟ್ಟೆ ಅದೇ ಕವರಿಗೆ ಹೋಗುತ್ತದೆ, ವಾಸನೆಯೂ ಹೊರಗೆ ಬರುವುದಿಲ್ಲ. ಜೊತೆಗೆ ವಾಂತಿಗೆ ಗಟ್ಟಿ ಕವರುಗಳು, ಟಿಶ್ಯೂ, ಟವೆಲ್, ಡಯಾಪರ್, ಕುಡಿಯುವ ನೀರು, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ. ಜ್ವರದ ಔಷಧ ಎಷ್ಟು ಮಿ.ಲೀ. ಎಂದು ಮಗುವಿನ ತೂಕ ಹೇಳಿ ವೈದ್ಯರಿಂದ ಬರೆಸಿಕೊಂಡಿರಿ. ದೊಡ್ಡವರಿಗೂ ಒಂದು ಅಂಗಿ ಇಟ್ಟುಕೊಳ್ಳಿ. ಮಗು ವಾಂತಿ ಮಾಡುವುದು ಸಾಮಾನ್ಯವಾಗಿ ಅದನ್ನು ಎತ್ತಿಕೊಂಡವರ ಮೇಲೆಯೇ.

ತಿನ್ನಲು ಕೊಡುವಾಗ ಹುಷಾರು. ನಾಲ್ಕೈದು ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿ, ಬೀಜಗಳು, ಗಟ್ಟಿ ಮಿಠಾಯಿ ಓಡುವ ಕಾರಿನಲ್ಲಿ ಬೇಡ. ಗಂಟಲಿಗೆ ಸಿಕ್ಕಿಕೊಂಡರೆ ಸದ್ದೇ ಬರುವುದಿಲ್ಲ, ಮುಂದೆ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಹೆಜ್ಜೆ 6: ವಾಂತಿಯ ಕಾಟ

ಒಳಕಿವಿ "ಓಡುತ್ತಿದ್ದೇವೆ" ಎನ್ನುತ್ತದೆ. ಪುಸ್ತಕದ ಮೇಲಿನ ಕಣ್ಣು "ಇಲ್ಲ, ಸುಮ್ನೆ ಕೂತಿದ್ದೇವೆ" ಎನ್ನುತ್ತದೆ. ಈ ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನವರಿಗೆ ಇದು ಅಪರೂಪ, ಶಾಲೆಗೆ ಹೋಗುವ ವಯಸ್ಸಿನವರಿಗೆ ಜಾಸ್ತಿ.

ತಿರುವಿನ ರಸ್ತೆಯಲ್ಲಿ ಪುಸ್ತಕ, ಮೊಬೈಲ್ ಎರಡನ್ನೂ ತೆಗೆದಿಡಿ. ಮುಂದಿನ ಗಾಜಿನಾಚೆ ದೂರಕ್ಕೆ ನೋಡಲು ಹೇಳಿ. ಕಾರಿನಲ್ಲಿ ಸುಗಂಧದ ಡಬ್ಬಿ ಇದ್ದರೆ ಕಿತ್ತು ಹಾಕಿ, ಅದು ದೊಡ್ಡವರಿಗೂ ತಲೆನೋವು. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಎಣ್ಣೆ ಪದಾರ್ಥ ತಿಂದು ಭಾರವೂ ಬೇಡ. ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಆಕಳಿಸಿ, ಮುಖ ಬಿಳಿಚಿಕೊಂಡು, ಪದೇ ಪದೇ ಉಗುಳು ನುಂಗುತ್ತಿದ್ದರೆ ಕವರ್ ತೆಗೆಯುವ ಹೊತ್ತಾಯಿತು. ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಹೆಚ್ಚಿನವನ್ನು ಹೊರಡುವ ಅರ್ಧ-ಒಂದು ಗಂಟೆ ಮೊದಲು ಕೊಡಬೇಕು, ಕೆಲವನ್ನು ಎರಡು ವರ್ಷದೊಳಗಿನವರಿಗೆ ಕೊಡುವಂತೆಯೇ ಇಲ್ಲ. ದೊಡ್ಡವರಿಗೆ ಬರೆದ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಜಾಣತನ ಬೇಡವೇ ಬೇಡ.

ಹೆಜ್ಜೆ 7: "ಇನ್ನೂ ಎಷ್ಟು ದೂರ?"

ಈ ಪ್ರಶ್ನೆಗೆ ಕಿಲೋಮೀಟರ್ ಲೆಕ್ಕ ಹೇಳಿದರೆ ಐದು ವರ್ಷದವರಿಗೆ ಅರ್ಥವಾಗದು. ಒಂದು ಹಾಳೆಯಲ್ಲಿ ಗೆರೆ ಎಳೆದು ನಿಲುಗಡೆಗಳನ್ನು ಚುಕ್ಕಿ ಇಟ್ಟು ಕೊಡಿ. ನಿಂತಾಗಲೆಲ್ಲ ಒಂದು ಚುಕ್ಕಿಗೆ ಬಣ್ಣ ತುಂಬಲಿ. ಕಿಟಕಿ ಸೀಟಿನ ಜಗಳವಿದ್ದರೆ ಊಟದ ನಿಲುಗಡೆಯಲ್ಲಿ ಜಾಗ ಬದಲು ಎಂದು ಹೊರಡುವ ಮೊದಲೇ ತೀರ್ಮಾನವಾಗಲಿ. ಬದಲಾದ ಜಾಗಕ್ಕೆ ಅವರವರ ಸೀಟೂ ಸರಿಯಾಗಿ ಕೂರಬೇಕು, ಇಲ್ಲವಾದರೆ ಹೋಗುವಾಗ ಒಬ್ಬರಿಗೆ, ಬರುವಾಗ ಇನ್ನೊಬ್ಬರಿಗೆ ಎನ್ನಿ.

ಆಟಿಕೆಗಳನ್ನೆಲ್ಲ ಒಟ್ಟಿಗೆ ಕೊಡಬೇಡಿ, ಒಂದೊಂದಾಗಿ ಹೊರಗೆ ಬರಲಿ. ಕಥೆ ಕೇಳಿಸುವುದು ಒಳ್ಳೆಯದು, ಕಣ್ಣು ಹೊರಗಿರುತ್ತದೆ, ಹೊಟ್ಟೆಯೂ ತೊಳಸುವುದಿಲ್ಲ. ಮೊಬೈಲ್ ಕೊಡಲೇಬಾರದು ಎನ್ನುವವಳು ನಾನಲ್ಲ. ಆದರೆ ಅದನ್ನು ಕೊನೆಯ ಎರಡು ಗಂಟೆಗೆ ಉಳಿಸಿಕೊಳ್ಳಿ. ಮೊದಲ ಗಂಟೆಯಲ್ಲೇ ಕೊಟ್ಟರೆ ಆಮೇಲೆ ಕೊಡಲು ನಿಮ್ಮ ಬಳಿ ಏನೂ ಉಳಿದಿರುವುದಿಲ್ಲ.

ಹೆಜ್ಜೆ 8: ರಸ್ತೆಯಲ್ಲಿದ್ದಾಗ

ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಹಾಕಿ. ನಿಂತಾಗ ಮೊದಲು ಓಡಾಟ, ಆಮೇಲೆ ತಿಂಡಿ. ಕೂತು ಕೂತು ಜಡ್ಡುಗಟ್ಟಿದ ಮಕ್ಕಳನ್ನು ಮತ್ತೆ ಕೂರಿಸಿ ತಿನ್ನಿಸಿದರೆ ರಂಪ ಕಾರಿನೊಳಗೇ ಮುಂದುವರಿಯುತ್ತದೆ.

"ಐದೇ ನಿಮಿಷ, ಬಂದೆ" ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬಾರದು. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚು ವ್ಯತ್ಯಾಸವಾಗದು. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ.

ತೂಕಡಿಕೆ ಬಂದರೆ ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು ಕೆಲವೇ ನಿಮಿಷದ ಸಮಾಧಾನ. ನಿಜವಾಗಿ ಕೆಲಸ ಮಾಡುವುದು ನಿದ್ದೆ ಮಾತ್ರ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ತಕ್ಷಣ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು, ಹಾಗಾಗಿ ಏಳುವ ಹೊತ್ತಿಗೆ ಎರಡರ ಲಾಭವೂ ಸಿಗುತ್ತದೆ. ಇನ್ನೊಬ್ಬರು ದೊಡ್ಡವರು ಅಷ್ಟು ಹೊತ್ತು ಮಕ್ಕಳನ್ನು ಹೊರಗೆ ಆಡಿಸಲಿ. ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿದ್ದರೆ ಆಗಾಗ ಹೊರಗಿನ ಗಾಳಿಗೆ ಬದಲಿಸಿ. ಐದು ಜನರ ಉಸಿರು ತುಂಬಿದ ಮುಚ್ಚಿದ ಕಾರು ಮಂಪರು ತರುತ್ತದೆ.

ಗಾಡಿ ಕೆಟ್ಟು ನಿಂತರೆ ಸಾಧ್ಯವಾದಷ್ಟು ಅಂಚಿಗೆ ತಂದು ನಾಲ್ಕೂ ಇಂಡಿಕೇಟರ್ ಹಾಕಿ. ವಾಹನಗಳು ಓಡದ ಕಡೆಯ ಬಾಗಿಲಿನಿಂದ ಎಲ್ಲರನ್ನೂ ಇಳಿಸಿ, ತಡೆಬೇಲಿ ಇದ್ದರೆ ಅದರಾಚೆ ನಿಲ್ಲಿಸಿ. ಕಾರಿನ ಒಳಗೆ ಅಥವಾ ಹಿಂದೆ ಯಾರೂ ಇರಬಾರದು.

ಹೆಜ್ಜೆ 9: ತಲುಪಿದ ದಿನ, ವಾಪಸಾಗುವ ದಿನ

ತಲುಪಿದ ಸಂಜೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಸ್ನಾನ, ಊಟ, ನಿದ್ದೆ ಅಷ್ಟೇ. ತಡವಾಗುತ್ತದೆ ಎಂದರೆ ತಂಗುವ ಜಾಗಕ್ಕೆ ದಾರಿಯಿಂದಲೇ ಫೋನ್ ಮಾಡಿ ಹೇಳಿ. ತಡವಾಯಿತೆಂದು ಕೊನೆಯ ಒಂದು ಗಂಟೆಯಲ್ಲಿ ವೇಗ ಏರಿಸುವವರೇ ಜಾಸ್ತಿ.

ವಾಪಸ್ ಬರುವಾಗ ಈ ಲೆಕ್ಕವನ್ನೆಲ್ಲ ಬಿಟ್ಟು ಒಂದೇ ಉಸಿರಿಗೆ ಮನೆ ಸೇರುವ ಆಸೆ ಎಲ್ಲರಿಗೂ ಇರುತ್ತದೆ. ಹೋಗುವಾಗ ಎಷ್ಟು ಕಡೆ ನಿಂತಿರೋ ಬರುವಾಗಲೂ ಅಷ್ಟು ಕಡೆ ನಿಲ್ಲಿ. ಶಾಲೆ, ಆಫೀಸು ಶುರುವಾಗುವ ಹಿಂದಿನ ರಾತ್ರಿ ಬದಲು ಒಂದು ದಿನ ಮೊದಲೇ ಮನೆ ತಲುಪುವಂತೆ ಹೊರಡಿ. ಆ ಕಾರನ್ನು ತೊಳೆಯಲಿಕ್ಕೂ ಒಂದು ದಿನ ಬೇಕು.