ಗುರುತಿಲ್ಲದ ನಂಬರಿನ ಮಿಸ್ಡ್ ಕಾಲ್: ತಿರುಗಿ ಮಾಡುವ ಮುಂಚೆ ನಾನು ನೋಡುವುದು

ಉಡುಪಿ ಸುತ್ತಮುತ್ತ ಬಾವಿ ಪಂಪು, ಇನ್ವರ್ಟರ್ ರಿಪೇರಿ ಮಾಡುವವನಿಗೆ "ಗೊತ್ತಿಲ್ಲದ ನಂಬರ್ ಎತ್ತಬೇಡಿ" ಎನ್ನುವ ಉಪದೇಶದಿಂದ ಉಪಯೋಗವಿಲ್ಲ. ಹೊಸ ಗಿರಾಕಿ ಎಂದರೆ ಗೊತ್ತಿಲ್ಲದ ನಂಬರೇ. ಕೈ ಗ್ರೀಸಿನಲ್ಲಿ, ಫೋನು ಬಾವಿಕಟ್ಟೆಯಲ್ಲಿ. ಮಧ್ಯಾಹ್ನದೊಳಗೆ ಏಳೆಂಟು ಮಿಸ್ಡ್ ಕಾಲ್ ಕೂಡಿರುತ್ತವೆ. ಮಾರ್ಚ್‌ನಿಂದ ಮೇ ತನಕ ಬಾವಿ ನೀರು ಇಳಿದು ಪೈಪಿನ ಬುಡದ ಫುಟ್‌ವಾಲ್ವ್ ಗಾಳಿ ಎಳೆಯುವ ಕಾಲದಲ್ಲಿ ಇನ್ನೂ ಜಾಸ್ತಿ. ಎಲ್ಲದಕ್ಕೂ ತಿರುಗಿ ಮಾಡಿದರೆ ಅರ್ಧ ಹೊತ್ತು ಲೋನ್ ಕೊಡುವವರ ಹತ್ತಿರ ಮಾತಾಡಬೇಕು. ಯಾವುದಕ್ಕೂ ಮಾಡದಿದ್ದರೆ ಕೆಲಸ ಇನ್ನೊಬ್ಬ ಮೆಕ್ಯಾನಿಕ್ ಪಾಲು.

ನಂಬರಿಗಿಂತ ಮೊದಲು ನಾನು ನೋಡುವುದು ಎಷ್ಟು ಸಲ, ಎಷ್ಟು ಹೊತ್ತಿಗೆ ಬಂತು ಎಂಬುದನ್ನು. ಐದು ನಿಮಿಷದೊಳಗೆ ಒಂದೇ ನಂಬರಿನಿಂದ ಎರಡು ಸಲ ಬಂದರೆ ಆ ಕಡೆ ಮನುಷ್ಯರಿದ್ದಾರೆ, ಅವಸರದಲ್ಲೂ ಇದ್ದಾರೆ. ಅದಕ್ಕೆ ಮೊದಲ ಸರದಿ. ಮೊಬೈಲಿಗೆ ಬಂದ ಕರೆ ಎತ್ತದಿದ್ದರೆ 30 ಸೆಕೆಂಡ್ ರಿಂಗಾಗಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2019ರಲ್ಲಿ ಗೊತ್ತುಪಡಿಸಿದೆ. ನಿಜವಾಗಿ ಬೇಕಾದವರು ಅಷ್ಟೂ ಹೊತ್ತು ಕಾಯುತ್ತಾರೆ. ಒಂದೇ ರಿಂಗಿಗೆ ನಿಂತದ್ದು, ಅಥವಾ ಎತ್ತಿದ ಕೂಡಲೇ ಸದ್ದಿಲ್ಲದೆ ಕಟ್ಟಾದದ್ದು ಹೆಚ್ಚಾಗಿ ಯಂತ್ರದ ಕೆಲಸ: ಕಾಲ್ ಸೆಂಟರಿನ ಡಯಲರು ಕೂತಿರುವ ಜನಕ್ಕಿಂತ ಹೆಚ್ಚು ನಂಬರಿಗೆ ಒಟ್ಟಿಗೆ ಹೊಡೆಯುತ್ತದೆ, ಯಾರೋ ಒಬ್ಬರು ಎತ್ತಿದರೆ ಉಳಿದವನ್ನು ಬಿಡುತ್ತದೆ. ಕೆಲವು ಫೋನಿನ ಕಾಲ್ ವಿವರದಲ್ಲಿ ಎಷ್ಟು ಹೊತ್ತು ರಿಂಗಾಯಿತೆಂದೂ ಇರುತ್ತದೆ, ನೋಡಿಕೊಳ್ಳಿ. ಹೆಬ್ರಿ ಕಡೆ ಸಿಗ್ನಲ್ ಇಲ್ಲದಲ್ಲಿ ಕೆಲಸ ಮಾಡುವಾಗ ಬಂದ ಕರೆ ಕಾಲ್ ಪಟ್ಟಿಯಲ್ಲಿ ಬರುವುದೇ ಇಲ್ಲ. ಸಿಗ್ನಲ್ ಸಿಕ್ಕ ಮೇಲೆ ಸಿಮ್ ಕಂಪನಿಯ ಮಿಸ್ಡ್ ಕಾಲ್ ಎಸ್ಸೆಮ್ಮೆಸ್ ಬರುತ್ತದೆ, ಹೊತ್ತು ಅದರಲ್ಲೇ ಇರುತ್ತದೆ. ಜಾಹೀರಾತು ಎಸ್ಸೆಮ್ಮೆಸ್ ಜೊತೆ ಅದನ್ನೂ ಒರೆಸಿ ಹಾಕುವವರೇ ಹೆಚ್ಚು.

ಇನ್ನು ನಂಬರ್. ಎಡವುವುದು ಇಲ್ಲೇ.

ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿಯದ್ದು 0820, ಕುಂದಾಪುರ 08254, ಕಾರ್ಕಳ 08258, ಪುತ್ತೂರು 08251. ಪ್ಲಸ್ 91 ಸೇರಿ ಬರುವಾಗ ಮುಂದಿನ ಸೊನ್ನೆ ಬಿದ್ದುಹೋಗುತ್ತದೆ. ಆಗ ಮಂಗಳೂರಿನ ಲ್ಯಾಂಡ್‌ಲೈನ್ 824 ಮತ್ತು ಏಳು ಅಂಕೆ, ಒಟ್ಟು ಹತ್ತು. ನೋಡುವುದಕ್ಕೆ ಥೇಟ್ ಮೊಬೈಲ್. ಉಲ್ಟಾ ಕೂಡ ಆಗುತ್ತದೆ. 8240, 8247, 8248 ಎಂದು ಶುರುವಾಗುವುದು ಮೊಬೈಲ್ ಸರಣಿ, ಮಂಗಳೂರಿಗೂ ಅದಕ್ಕೂ ಸಂಬಂಧವಿಲ್ಲ. 8200, 8208, 8209 ಕೂಡ ಹಾಗೇ, ಉಡುಪಿಯದ್ದಲ್ಲ. 824ರ ಅಥವಾ 820ರ ಮುಂದಿನ ಅಂಕೆ 2 ಆಗಿದ್ದರೆ ನಾನು ಊರಿನ ಲ್ಯಾಂಡ್‌ಲೈನ್ ಎಂದು ಹಿಡಿಯುತ್ತೇನೆ. ಬೆಂಗಳೂರಿನ 080 ಇನ್ನೂ ಗೊಂದಲ. 80ರ ಮುಂದೆ 4 ಬಂದರೆ ಬೆಂಗಳೂರಿನ ಲ್ಯಾಂಡ್‌ಲೈನ್, ಅಂದರೆ ಹೆಚ್ಚಾಗಿ ಯಾವುದೋ ಕಂಪನಿಯ ಕಾಲ್ ಸೆಂಟರ್ ಅಥವಾ ಡೆಲಿವರಿಯವರು. 8050, 8073, 8088, 8095 ಮೊಬೈಲ್, ಅದು ಗಿರಾಕಿಯೇ ಇರಬಹುದು. ಆ್ಯಂಡ್ರಾಯ್ಡ್ ಡಯಲರ್ ಸಾಮಾನ್ಯವಾಗಿ ಮೊಬೈಲನ್ನು ಐದೈದು ಅಂಕೆಯಾಗಿ ಒಡೆದು ತೋರಿಸುತ್ತದೆ, ಲ್ಯಾಂಡ್‌ಲೈನಿಗೆ ಕೋಡ್ ಬೇರೆ ಮಾಡುತ್ತದೆ. ಆ ಖಾಲಿ ಜಾಗ ಎಲ್ಲಿದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಿತು.

140ರಿಂದ ಶುರುವಾದರೆ ಜಾಹೀರಾತು, ತಿರುಗಿ ನೋಡುವುದು ಬೇಡ. 1600ರ ಸರಣಿ ಬ್ಯಾಂಕು, ವಿಮೆ, ಸರ್ಕಾರದ ಕಚೇರಿಗಳ ಸೇವಾ ಕರೆಗೆ. ಬ್ಯಾಂಕಿನದ್ದು ಅನ್ನಿಸಿದರೂ ಆ ನಂಬರಿಗೇ ಮಾಡದೆ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವ ನಂಬರಿಗೆ ಮಾಡಿ. ಆಸ್ಪತ್ರೆ, ಕಾಲೇಜಿನ ಲ್ಯಾಂಡ್‌ಲೈನಿಗೆ ತಿರುಗಿ ಮಾಡಿದರೆ ಟೆಲಿಫೋನ್ ಬೋರ್ಡಿನಲ್ಲಿ ಕೂತವರು ಎತ್ತಿ "ಯಾರು ಮಾಡಿದ್ದು?" ಎಂದು ನಮ್ಮನ್ನೇ ಕೇಳುತ್ತಾರೆ, ಯಾಕೆಂದರೆ ಒಳಗಿನ ನೂರು ಎಕ್ಸ್‌ಟೆನ್ಶನ್‌ಗೂ ಹೊರಗೆ ಕಾಣುವುದು ಅದೇ ನಂಬರ್. "ಮೆಂಟೆನೆನ್ಸ್ ವಿಭಾಗಕ್ಕೆ ಕೊಡಿ" ಎಂದು ನಾವೇ ಹೇಳಬೇಕು. ಊಟ, ಪಾರ್ಸೆಲ್ ತರುವವರ ಕರೆ ನಡುವಿನ ಒಂದು ಮುಖವಾಡದ ನಂಬರಿನಿಂದ ಬರುತ್ತದೆ; ಆರ್ಡರ್ ಮುಗಿದ ಮೇಲೆ ಅದಕ್ಕೆ ಮಾಡಿದರೆ ಆ ಹುಡುಗ ಸಿಗುವುದಿಲ್ಲ.

ಹೊರದೇಶದ ಕೋಡ್ ನಮ್ಮ ಕರಾವಳಿಯಲ್ಲಿ ಬೇರೆಯೇ ವಿಷಯ. ಘಟ್ಟದ ಮೇಲಿನವರು ಪ್ಲಸ್ 91 ಅಲ್ಲದ್ದನ್ನೆಲ್ಲ ಬ್ಲಾಕ್ ಮಾಡಬಹುದು, ನಾವು ಮಾಡುವಂತಿಲ್ಲ. ದುಬೈ, ಅಬುಧಾಬಿಗೆ 971, ಸೌದಿಗೆ 966, ಕುವೈತ್‌ಗೆ 965, ಒಮಾನ್‌ಗೆ 968, ಬಹರೈನ್‌ಗೆ 973, ಕತಾರ್‌ಗೆ 974. ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ, ಪಂಪು ಕೆಟ್ಟಿದೆ, ಮೆಕ್ಯಾನಿಕ್‌ಗೆ ಫೋನ್ ಮಾಡುವುದು ಗಲ್ಫಿನಲ್ಲಿರುವ ಮಗ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ನಡೆಯುವುದಿಲ್ಲ, ಹಾಗಾಗಿ ದುಡ್ಡು ಕೊಟ್ಟು ಮಾಮೂಲು ಕರೆ ಮಾಡಿದ್ದಾನೆ ಎಂದರೆ ಕಾರಣ ಇದೆ. ನಾನು ತಿರುಗಿ ಐಎಸ್‌ಡಿ ಮಾಡುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆದು ಹಾಕುತ್ತೇನೆ; ಸಂದೇಶ ಅಲ್ಲಿಗೂ ಹೋಗುತ್ತದೆ. ಹೊತ್ತು ನೋಡಿಕೊಳ್ಳಿ: ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕುವೈತ್, ಕತಾರ್ ಎರಡೂವರೆ ಗಂಟೆ ಹಿಂದೆ.

ಮಾರಿಟೇನಿಯಾದ 222, ಸೊಮಾಲಿಯಾದ 252, ಕೊಮೊರೊಸ್‌ನ 269 ಇಂಥವು ಒಂದೇ ರಿಂಗಿಗೆ ನಿಂತರೆ ಅದು ಗಾಳ. ಜಪಾನಿನವರು ಇದಕ್ಕೆ ವಾಂಗಿರಿ ಎನ್ನುತ್ತಾರೆ, 'ಒಂದು ರಿಂಗು, ಕಟ್' ಎಂಬ ಅರ್ಥ. ನಾವು ತಿರುಗಿ ಮಾಡಿದಾಗ ಹಿಡಿಯುವ ದುಬಾರಿ ದರದಲ್ಲಿ ಅವರಿಗೆ ಪಾಲು ಹೋಗುತ್ತದೆ. ಪ್ರೀಪೇಯ್ಡ್‌ನಲ್ಲಿ ಬ್ಯಾಲೆನ್ಸ್ ಇಲ್ಲದಿದ್ದರೆ ಕರೆ ಹೋಗುವುದೇ ಇಲ್ಲ, ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ ಬಂದಾಗಲೇ ಗೊತ್ತು. ಗಲ್ಫಿಗೆ ಕರೆ ಮಾಡುವ ಅಗತ್ಯ ಇಲ್ಲದ ಮನೆಯಲ್ಲಿ ಕಂಪನಿಗೆ ಹೇಳಿ ಹೊರಹೋಗುವ ಐಎಸ್‌ಡಿ ಬಂದ್ ಮಾಡಿಸುವುದು ಒಳ್ಳೆಯದು. ವಿಯೆಟ್ನಾಂನ 84, ಇಂಡೋನೇಷ್ಯಾದ 62, ಕೆನ್ಯಾದ 254 ವಾಟ್ಸ್ಆ್ಯಪ್‌ನಲ್ಲೇ ಬರುತ್ತವೆ. 2023ರ ಮೇ ಹೊತ್ತಿಗೆ ದೇಶದ ತುಂಬ ಬಂದದ್ದು ಇವೇ. ಅವಕ್ಕೆ ಬ್ಲಾಕ್ ಸಾಕು.

ಉಳಿಯುವುದು ಗುರುತಿಲ್ಲದ, ಸಾಧಾರಣ ಹತ್ತಂಕಿಯ ಮೊಬೈಲ್. ಮೊದಲಿನ ನಾಲ್ಕು ಅಂಕೆ ನೋಡಿ "ಇದು ಬಿಎಸ್‌ಎನ್‌ಎಲ್" ಎನ್ನುವ ಕಾಲ 2011ರಲ್ಲಿ ನಂಬರ್ ಪೋರ್ಟಿಂಗ್ ಬಂದ ಮೇಲೆ ಹೋಯಿತು. ನಾನು ನಂಬರನ್ನು ವಾಟ್ಸ್ಆ್ಯಪ್‌ನಲ್ಲಿ ನನ್ನದೇ ಚಾಟಿಗೆ ಅಂಟಿಸಿ ಅದರ ಮೇಲೆ ಒತ್ತುತ್ತೇನೆ. ಸೇವ್ ಮಾಡದೆಯೇ ಅವರ ಫೋಟೊ, ಹೆಸರು ಕಾಣುತ್ತದೆ. ಅಲ್ಲಿ ಹೂವಿನ ಚಿತ್ರ ಮಾತ್ರ ಇದ್ದರೆ ಯುಪಿಐ ಆ್ಯಪ್‌ನಲ್ಲಿ ಹಣ ಕಳಿಸುವಲ್ಲಿ ನಂಬರ್ ಹಾಕಿ ನೋಡುತ್ತೇನೆ, ಕಳಿಸುವುದಿಲ್ಲ. ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ಟ್ರೂಕಾಲರ್ ಹೆಸರಿಗಿಂತ ಇದನ್ನು ನಂಬಬಹುದು. ಟ್ರೂಕಾಲರ್‌ನಲ್ಲಿ ಇರುವುದು ಊರಿನವರು ಇಟ್ಟ ಹೆಸರು. ನಿಮ್ಮ ನಂಬರನ್ನೂ ಒಮ್ಮೆ ಹುಡುಕಿ ನೋಡಿ, ನಿಮ್ಮನ್ನು ಏನೆಂದು ಸೇವ್ ಮಾಡಿದ್ದಾರೆ ಗೊತ್ತಾಗುತ್ತದೆ. ಕರೆ ಮಾಡಿದವರ ಹೆಸರು ಕಂಪನಿಯೇ ತೋರಿಸುವ ಸಿಎನ್‌ಎಪಿ ವ್ಯವಸ್ಥೆಯನ್ನು ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಅದರಲ್ಲೂ ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರದ್ದು, ಮಾತಾಡುವವರದ್ದಲ್ಲ.

ತಿರುಗಿ ಕರೆ ಮಾಡುವುದು ದಿನಕ್ಕೆ ಮೂರು ಹೊತ್ತು: ಹತ್ತೂವರೆ, ಒಂದೂವರೆ, ಸಂಜೆ ಆರೂವರೆ. ಎರಡು ಸಲ ಬಂದದ್ದಕ್ಕೆ ಮಾತ್ರ ಕೈ ತೊಳೆದ ಕೂಡಲೇ. ನಮ್ಮ ಹೆಸರು, ಅಂಗಡಿ ಹೆಸರು ಮೊದಲು ಹೇಳುವುದಿಲ್ಲ. "ಈ ನಂಬರಿನಿಂದ ಕಾಲ್ ಬಂದಿತ್ತು" ಎಂದು ಸುಮ್ಮನಾಗಬೇಕು. ನಿಜವಾದ ಗಿರಾಕಿ "ಹ್ಹಾ, ಪಂಪಿನವರಾ?" ಎಂದು ಅವರೇ ಶುರು ಮಾಡುತ್ತಾರೆ. ಮೋಸದವರು "ಸರ್, ನೀವು ಯಾರು ಮಾತಾಡುವುದು?" ಎಂದು ನಮ್ಮ ಹೆಸರಿಗೆ ಕಾಯುತ್ತಾರೆ. ಸಂಶಯ ಬಂದರೆ ನಾನು ತುಳುವಿಗೆ ತಿರುಗುತ್ತೇನೆ: "ಏರ್ ಪಾತೆರುನಿ?" (ಯಾರು ಮಾತಾಡುವುದು?) ಕಾಲ್ ಸೆಂಟರಿನ ಹಾಳೆಯಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಇರಬಹುದು, ತುಳು ಇರುವುದಿಲ್ಲ. ಹಾಗೆಂದು ತುಳು ಬಾರದವರೆಲ್ಲ ಕಳ್ಳರಲ್ಲ. ಮಣಿಪಾಲದ ಹಾಸ್ಟೆಲ್, ಫ್ಲ್ಯಾಟುಗಳಿಂದ ಬರುವ ಕೆಲಸದಲ್ಲಿ ಹಿಂದಿಯೇ ಹೆಚ್ಚು. ಎತ್ತದಿದ್ದರೆ ಒಂದು ಸಿದ್ಧ ಸಂದೇಶ: "ನಿಮ್ಮ ಕಾಲ್ ಬಂದಿತ್ತು. ಪಂಪು, ಇನ್ವರ್ಟರ್ ಕೆಲಸವಾದರೆ ಊರು, ಎಷ್ಟು ಎಚ್‌ಪಿ, ಏನು ತೊಂದರೆ ಬರೆಯಿರಿ." ಎರಡನೇ ಸಲ ಮಾಡುವುದಿಲ್ಲ.

ಕೇಳಿದ ಕೂಡಲೇ ಫೋನ್ ಇಡಲೇಬೇಕಾದ ಕೆಲವು ಮಾತುಗಳಿವೆ. "ಇನ್ನೊಂದು ಕಾಲ್ ಬರುತ್ತದೆ, ಮರ್ಜ್ ಮಾಡಿ" ಎಂದರೆ ಆ ಎರಡನೆಯದು ಓಟಿಪಿ ಓದುವ ಕರೆ. "ಪಾರ್ಸೆಲ್ ವಿಳಾಸಕ್ಕೆ *401* ಅಥವಾ *21* ಒತ್ತಿ ಈ ನಂಬರ್ ಹಾಕಿ" ಎಂದರೆ ನಿಮ್ಮ ಕರೆಯೆಲ್ಲ ಅವರಿಗೆ ಹೋಗುತ್ತದೆ, ಓಟಿಪಿ ಕರೆ ಸಮೇತ. ಒತ್ತಿಬಿಟ್ಟಿದ್ದರೆ *#21# ಹಾಕಿ ನೋಡಿ, ##002# ಹಾಕಿ ರದ್ದು ಮಾಡಿ, ಫೋನಿನ ಕಾಲ್ ಫಾರ್ವರ್ಡಿಂಗ್ ಸೆಟ್ಟಿಂಗೂ ತೆರೆದು ನೋಡಿ. "ಎರಡು ಗಂಟೆಯಲ್ಲಿ ನಂಬರ್ ಬಂದ್, 9 ಒತ್ತಿ" ಎಂದು ಟ್ರಾಯ್ ಯಾರಿಗೂ ಕರೆ ಮಾಡುವುದಿಲ್ಲ. ರಾತ್ರಿ ಕರೆಂಟ್ ಕಟ್ ಎಂಬ ಸಂದೇಶದಲ್ಲಿರುವ ನಂಬರಿಗೂ ಮಾಡಬೇಡಿ, ಮೆಸ್ಕಾಂಗೆ 1912 ಇದೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ದುಡ್ಡು ಹೋಗದೆ ಮೋಸದ ಕರೆ ಮಾತ್ರ ಬಂದಿದ್ದರೆ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಿನ 'ಚಕ್ಷು' ವಿಭಾಗದಲ್ಲಿ ತಿಳಿಸಿ. ಹತ್ತಂಕಿ ಮೊಬೈಲಿನಿಂದ ಲೋನ್ ಮಾರುವವರ ಮೇಲೆ 1909ಕ್ಕೆ ಏಳು ದಿನದೊಳಗೆ ದೂರು ಕೊಡಿ.

ರಾತ್ರಿಗೆ ಫೋನು ಪೂರ್ತಿ ಸೈಲೆಂಟ್ ಇಡುವುದಿಲ್ಲ. ಡು ನಾಟ್ ಡಿಸ್ಟರ್ಬ್ ಹಾಕಿ ಅದರೊಳಗಿನ 'ರಿಪೀಟ್ ಕಾಲರ್ಸ್' ಆನ್ ಮಾಡಿದರೆ ಆ್ಯಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಅದೇ ನಂಬರ್ ಎರಡನೇ ಸಲ ಬಂದಾಗ ರಿಂಗಾಗುತ್ತದೆ. ಗೊತ್ತಿಲ್ಲದ ನಂಬರನ್ನೆಲ್ಲ ಮೌನ ಮಾಡುವ ಸೆಟ್ಟಿಂಗ್ ಮಾತ್ರ ಕೆಲಸ ಮಾಡಿ ತಿನ್ನುವವರಿಗೆ ಆಗದು.

ಮಾತು ಮುಗಿದ ಮೇಲೆ ನಂಬರ್ ಸೇವ್ ಮಾಡುವುದರಲ್ಲಿ ಸೋಮಾರಿತನ ಬೇಡ. ಹೆಸರಿನಲ್ಲಿ ಮಾತ್ರ ಮಾಡಬೇಡಿ. ನಮ್ಮೂರಲ್ಲಿ ಮೂವತ್ತು ಶೆಟ್ರು, ನಲವತ್ತು ಪೂಜಾರಿಗಳು ಆಗಿಹೋಗುತ್ತಾರೆ. ನನ್ನದು ಹೀಗಿರುತ್ತದೆ: "ಹಿರಿಯಡ್ಕ, ಪೇಟೆ ದಾಟಿ ಎಡಗಡೆ, ಒಂದೂವರೆ ಎಚ್‌ಪಿ ಸಬ್‌ಮರ್ಸಿಬಲ್, ಕೆಪಾಸಿಟರ್ ಹೋಗಿತ್ತು." ಮುಂದಿನ ಮಾರ್ಚ್‌ನಲ್ಲಿ ಆ ನಂಬರ್ ಬಂದಾಗ ಯಾವ ಸಾಮಾನು ಹಿಡಿದು ಹೊರಡಬೇಕೆಂದೂ ಗೊತ್ತಿರುತ್ತದೆ.