ಸಿಬಿಝಡ್‌ನಿಂದ ಸರ್ಟಿಫೈಡ್ ವೈಲ್ಡ್‌ಲೈಫ್ ಬಯಾಲಜಿಸ್ಟ್‌ವರೆಗೆ: ನನ್ನ ಪಾಠಗಳ ಲೆಕ್ಕ

ಕರ್ನಾಟಕದಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಬಿ.ಎಸ್ಸಿ. ಓದಿ, ಮುಂದೆ ಅಮೆರಿಕದಲ್ಲಿ ವನ್ಯಜೀವಿಗಳ ಕೆಲಸ ಮಾಡಬೇಕು ಅಂತಿರುವವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: ‘ನಮ್ಮ ಡಿಗ್ರಿ ಅಲ್ಲಿ ನಡೆಯುತ್ತಾ ಅಕ್ಕಾ?’ ನಡೆಯುತ್ತದೆ. ಆದರೆ ಡಿಗ್ರಿಯ ಹೆಸರು ನೋಡಿ ಸರ್ಟಿಫಿಕೇಟ್ ಕೊಡುವವರು ಸುಮ್ಮನಾಗುವುದಿಲ್ಲ. ಒಳಗಿನ ಒಂದೊಂದು ಪೇಪರನ್ನೂ ಬಿಡಿಸಿ ನೋಡುತ್ತಾರೆ. ಅಮೆರಿಕದ ವನ್ಯಜೀವಿ ತಜ್ಞರ ವೃತ್ತಿಸಂಘವಾದ ದಿ ವೈಲ್ಡ್‌ಲೈಫ್ ಸೊಸೈಟಿಯ ಸರ್ಟಿಫಿಕೇಟ್ ನಾನು ಹೇಗೆ ಪಡೆದೆ ಅಂತ ಇಲ್ಲಿ ಬರೆಯುತ್ತೇನೆ. ಓದುತ್ತಿರುವಾಗಲೇ ಇದು ಗೊತ್ತಿದ್ದರೆ ಎಷ್ಟೋ ಓಡಾಟ ಉಳಿಯುತ್ತದೆ.

ಅಮೆರಿಕದಲ್ಲಿ ಡಾಕ್ಟರಿಗೆ, ಎಂಜಿನಿಯರಿಗೆ ಇರುವಂಥ ಸರ್ಕಾರಿ ಲೈಸೆನ್ಸ್ ವನ್ಯಜೀವಿ ತಜ್ಞರಿಗೆ ಸಾಮಾನ್ಯವಾಗಿ ಇಲ್ಲ. ಪಕ್ಕದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ‘ರಿಜಿಸ್ಟರ್ಡ್ ಪ್ರೊಫೆಷನಲ್ ಬಯಾಲಜಿಸ್ಟ್’ ಅನ್ನುವ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದವರು ಅದನ್ನು ಹಾಕಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಈ ಜವಾಬ್ದಾರಿ ವೃತ್ತಿಸಂಘಗಳದ್ದು. 1937ರಲ್ಲಿ ಶುರುವಾದ ವೈಲ್ಡ್‌ಲೈಫ್ ಸೊಸೈಟಿ ಎರಡು ಮೆಟ್ಟಿಲು ಇಟ್ಟಿದೆ. ಓದಿನ ಲೆಕ್ಕ ಸರಿಹೋದರೆ ‘ಅಸೋಸಿಯೇಟ್ ವೈಲ್ಡ್‌ಲೈಫ್ ಬಯಾಲಜಿಸ್ಟ್’. ಅದರ ಮೇಲೆ ಐದು ವರ್ಷದ ವೃತ್ತಿ ಅನುಭವ ಸೇರಿದರೆ ‘ಸರ್ಟಿಫೈಡ್’. ಯಾರ ಬಲವಂತವೂ ಇಲ್ಲ. ಆದರೆ ನಾನು ಕೆಲಸ ಮಾಡುವುದು ವನ್ಯಜೀವಿಗಳ ಸಮೀಕ್ಷೆ ಮಾಡಿ ವರದಿ ಕೊಡುವ ಕನ್ಸಲ್ಟಿಂಗ್‌ನಲ್ಲಿ. ವರದಿಯ ಕೊನೆಯಲ್ಲಿ ನನ್ನ ಸಹಿಯ ಪಕ್ಕ ಈ ಹೆಸರಿದ್ದರೆ, ಇವರ ಓದನ್ನು ಬೇರೆ ಯಾರೋ ಕೂತು ಪರೀಕ್ಷಿಸಿದ್ದಾರೆ ಅಂತ ಓದುವವರಿಗೆ ಗೊತ್ತಾಗುತ್ತದೆ. ನನಗೆ ಅದು ಮುಖ್ಯ.

ಈಗ ಲೆಕ್ಕಕ್ಕೆ ಬರೋಣ. ಎಲ್ಲವೂ ಸೆಮಿಸ್ಟರ್ ಗಂಟೆಗಳಲ್ಲಿ, ಅಂದರೆ ಕ್ರೆಡಿಟ್‌ಗಳಲ್ಲಿ. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ವಾರಕ್ಕೆ ಎರಡು ಮೂರು ಗಂಟೆ ಕೂತರೆ ಒಂದು. ಜೀವವಿಜ್ಞಾನದಲ್ಲಿ ಒಟ್ಟು 36 ಬೇಕು. ಅದರೊಳಗೆ ಕನಿಷ್ಠ ವನ್ಯಜೀವಿ ನಿರ್ವಹಣೆ 6, ವನ್ಯಜೀವಿ ಜೀವಶಾಸ್ತ್ರ 6, ಪರಿಸರ ವಿಜ್ಞಾನ (ಇಕಾಲಜಿ) 3, ಪ್ರಾಣಿಶಾಸ್ತ್ರ 9, ಸಸ್ಯಶಾಸ್ತ್ರ 9. ಆಮೇಲೆ ಭೌತವಿಜ್ಞಾನಗಳು 9, ಸಂಖ್ಯಾಶಾಸ್ತ್ರ 3, ಗಣಿತದಂಥ ವಿಷಯಗಳು 6, ಮಾನವಿಕ ಮತ್ತು ಸಮಾಜ ವಿಜ್ಞಾನ 9, ಸಂವಹನ 12, ನೀತಿ-ಆಡಳಿತ-ಕಾನೂನು 6. ಒಂದೇ ಕೋರ್ಸನ್ನು ಎರಡು ಕಡೆ ಎಣಿಸುವಂತಿಲ್ಲ. ವನ್ಯಜೀವಿ ಜೀವಶಾಸ್ತ್ರದ ಆ 6ರಲ್ಲಿ ಸಸ್ತನಿಗಳದ್ದೋ, ಹಕ್ಕಿಗಳದ್ದೋ, ಹಾವು-ಕಪ್ಪೆಗಳದ್ದೋ ಒಂದು ಪ್ರತ್ಯೇಕ ಕೋರ್ಸ್ ಇರಲೇಬೇಕು.

ನಾನು ಓದಿದ್ದು ಶಿವಮೊಗ್ಗ ಕಡೆಯ ಒಂದು ಕಾಲೇಜಿನಲ್ಲಿ. ಕೆಮಿಸ್ಟ್ರಿ, ಬಾಟನಿ, ಝೂವಾಲಜಿ, ಆರು ಸೆಮಿಸ್ಟರ್. ಆಮೇಲೆ ಅಮೆರಿಕದಲ್ಲಿ ವನ್ಯಜೀವಿ ಪರಿಸರ ವಿಜ್ಞಾನದಲ್ಲಿ ಎಂ.ಎಸ್. ಇಲ್ಲಿ ಓದಿದ್ದನ್ನು ತೋರಿಸುವುದು ಸುಲಭ, ಕೋರ್ಸಿನ ಹೆಸರೇ ‘ಮ್ಯಾಮಲಜಿ’ (ಸಸ್ತನಿಗಳ ಅಧ್ಯಯನ) ಅಂತಿರುತ್ತದೆ. ನಮ್ಮ ಮಾರ್ಕ್ಸ್ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ‘ಝೂವಾಲಜಿ ಪೇಪರ್ 5’, ಪಕ್ಕದಲ್ಲಿ ಥಿಯರಿ, ಪ್ರಾಕ್ಟಿಕಲ್, ಇಂಟರ್ನಲ್ಸ್ ಅಂಕ. ಅಷ್ಟೇ. ಆ ಐದನೇ ಪೇಪರಿನಲ್ಲಿ ಅನುವಂಶೀಯತೆ ಇತ್ತೋ, ಪ್ರಾಣಿಗಳ ವರ್ತನೆ ಇತ್ತೋ, ಅಮೆರಿಕದಲ್ಲಿ ಕೂತು ಅರ್ಜಿ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಇಡೀ ಅರ್ಜಿಗೆ ಜೀವಾಳ ಸಿಲೆಬಸ್. ಟ್ರಾನ್ಸ್‌ಕ್ರಿಪ್ಟ್ ಹೇಗೂ ವಿಶ್ವವಿದ್ಯಾಲಯದಿಂದ ತರಿಸಲೇಬೇಕು. ಅದನ್ನು ಅಮೆರಿಕದ ಲೆಕ್ಕಕ್ಕೆ ತಂದುಕೊಡುವ ಮೌಲ್ಯಮಾಪನ ಸಂಸ್ಥೆಗಳಿವೆ. ಅವರಲ್ಲಿ ಬರೀ ಡಿಗ್ರಿಯ ವರದಿ ಬೇಡ, ಕೋರ್ಸ್‌ವಾರು ವರದಿಯನ್ನೇ ಕೇಳಿ. ಮೊದಲನೆಯದು ಸ್ವಲ್ಪ ಅಗ್ಗ, ಆದರೆ ಈ ಕೆಲಸಕ್ಕೆ ಉಪಯೋಗವಿಲ್ಲ. ಅದರ ಜೊತೆಗೆ ನಾನು ಓದಿದ ವರ್ಷದ್ದೇ ಸಿಲೆಬಸ್ ಬೇಕಿತ್ತು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಹೊಸ ಸ್ಕೀಮಿನದು ಮಾತ್ರ ಇತ್ತು. ರಜೆಗೆ ಊರಿಗೆ ಹೋದಾಗ ಕಾಲೇಜಿಗೆ ಹೋದೆ. ನಮ್ಮ ಬಾಟನಿ ಮೇಡಂ ಇನ್ನೂ ಅಲ್ಲೇ ಇದ್ದರು.

‘ಏನಮ್ಮಾ, ಹಳೇ ಸಿಲೆಬಸ್ ತಗೊಂಡು ಏನ್ ಮಾಡ್ತೀಯಾ ಈಗ?’

‘ನೀವು ಹೇಳಿಕೊಟ್ಟಿದ್ದು ಎಷ್ಟು ಗಂಟೆ ಅಂತ ತೋರಿಸಬೇಕು ಮೇಡಂ.’

ಡಿಪಾರ್ಟ್‌ಮೆಂಟಿನ ಬೀರುವಿನಿಂದ ಅವರು ತೆಗೆದುಕೊಟ್ಟ ಆ ಪುಸ್ತಕದಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಆವೃತಬೀಜ ಸಸ್ಯಗಳ ವರ್ಗೀಕರಣ, ಪ್ರತಿ ಘಟಕದ ಪಕ್ಕದಲ್ಲಿ ಪಾಠದ ಗಂಟೆ, ಪ್ರಾಕ್ಟಿಕಲ್‌ನಲ್ಲಿ ಗುರುತಿಸಬೇಕಾದ ಕುಟುಂಬಗಳ ಪಟ್ಟಿ, ಹರ್ಬೇರಿಯಂ ಶೀಟ್ (ಒಣಗಿಸಿದ ಗಿಡ ಅಂಟಿಸಿದ ಹಾಳೆ) ಸಲ್ಲಿಸಬೇಕೆನ್ನುವ ಷರತ್ತು. ಝೆರಾಕ್ಸ್ ಮಾಡಿಸಿ, ಪುಟ ಪುಟಕ್ಕೂ ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿಕೊಂಡು ಬಂದೆ. ಕನ್ನಡದಲ್ಲಿದ್ದ ಒಂದೆರಡು ಪುಟಗಳನ್ನು ಅನುವಾದ ಮಾಡಿಸಿದೆ.

ಇಲ್ಲಿ ಸಿಬಿಝಡ್‌ನವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಈ ಕ್ಷೇತ್ರಕ್ಕೆ ಬಂದ ಅಮೆರಿಕದ ಹುಡುಗರು ಹೆಚ್ಚಾಗಿ ತಡವರಿಸುವುದು ಸಸ್ಯಶಾಸ್ತ್ರದ ಆ 9 ಗಂಟೆಗಳಲ್ಲೇ. ನಮಗೆ ಅದು ಮೊದಲ ವರ್ಷಗಳಲ್ಲೇ ತುಂಬಿ ಹರಿಯುತ್ತದೆ. ಕೆಮಿಸ್ಟ್ರಿಯೂ ಸಾಕಷ್ಟಿರುತ್ತದೆ. ಆದರೆ ಭೌತವಿಜ್ಞಾನಗಳಲ್ಲಿ ಎರಡು ವಿಷಯ ಕೇಳುತ್ತಾರೆ, ಅದಕ್ಕೆ ನಾನು ಇಲ್ಲಿ ಮಣ್ಣಿನ ವಿಜ್ಞಾನ ತಗೊಂಡೆ. ಸಸ್ಯದ ಷರತ್ತು ಕಟ್ಟುನಿಟ್ಟಾಗಿರುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಂಡಿಯಾನಾ ಬಾವಲಿ ಬೇಸಿಗೆಯಲ್ಲಿ ಮರಿ ಹಾಕುವುದು ಸತ್ತ ಅಥವಾ ಸಾಯುತ್ತಿರುವ ಮರದ ಸಡಿಲ ತೊಗಟೆಯ ಕೆಳಗೆ, ಇಲ್ಲವೇ ತಾನಾಗಿಯೇ ತೊಗಟೆ ಎದ್ದು ನಿಲ್ಲುವ ಶಾಗ್‌ಬಾರ್ಕ್ ಹಿಕರಿ ಮರದಲ್ಲಿ. ಹಿಕರಿಗಳನ್ನು ಒಂದರಿಂದ ಒಂದು ಬೇರೆ ಮಾಡಲು ಬಾರದವರು ಅದರ ಆವಾಸದ ಸಮೀಕ್ಷೆಯನ್ನು ಹೇಗೆ ಮಾಡುತ್ತಾರೆ?

ನಮ್ಮ ಡಿಗ್ರಿಯಲ್ಲಿ ಕೊರತೆ ಬೀಳುವುದು ಬೇರೆ ಕಡೆ. ಸಂಖ್ಯಾಶಾಸ್ತ್ರ ನಮಗೆ ಯಾವುದೋ ಪೇಪರಿನ ಒಂದು ಮೂಲೆಯಲ್ಲಿ ಬರುತ್ತದೆ, ಪ್ರತ್ಯೇಕ ಕೋರ್ಸ್ ಆಗಿ ಅಲ್ಲ. ಅದು ನನ್ನ ಎಂ.ಎಸ್.ನಲ್ಲಿ ತುಂಬಿತು. ಮಾನವಿಕ ವಿಷಯಗಳಲ್ಲಿ ಸಾಹಿತ್ಯವನ್ನೂ ಭಾಷೆಯನ್ನೂ ಎಣಿಸುತ್ತಾರೆ, ಆದ್ದರಿಂದ ಡಿಗ್ರಿಯ ಕನ್ನಡ, ಇಂಗ್ಲಿಷ್ ಪೇಪರುಗಳು ಅಲ್ಲಿಗೆ ಹೋದವು. ಬೇಂದ್ರೆ, ಕುವೆಂಪು ಓದಿದ್ದು ವನ್ಯಜೀವಿ ತಜ್ಞರ ಅರ್ಜಿಯಲ್ಲಿ ಲೆಕ್ಕಕ್ಕೆ ಬಂದಾಗ ನಿಜಕ್ಕೂ ಖುಷಿಯಾಯಿತು. ನೀತಿ-ಕಾನೂನಿಗೆ ಒಂದು ಪರಿಸರ ಕಾನೂನಿನ ಕೋರ್ಸ್, ಒಂದು ನೈಸರ್ಗಿಕ ಸಂಪನ್ಮೂಲ ನೀತಿಯ ಕೋರ್ಸ್ ಮಾಡಿದೆ. 1918ರ ವಲಸೆ ಹಕ್ಕಿಗಳ ಕಾಯಿದೆ, 1973ರ ಅಳಿವಿನಂಚಿನ ಜೀವಿಗಳ ಕಾಯಿದೆ ಎರಡನ್ನೂ ಅಲ್ಲೇ ಸಾಲು ಸಾಲಾಗಿ ಓದಿದ್ದು.

ಉಳಿದದ್ದು ಸಂವಹನದ 12 ಗಂಟೆ. ಇದಕ್ಕೆ ಪ್ರಬಂಧ ಬರವಣಿಗೆ, ತಾಂತ್ರಿಕ ಬರವಣಿಗೆ, ಸಾರ್ವಜನಿಕ ಭಾಷಣ, ಪತ್ರಿಕೋದ್ಯಮದಂಥ ಕೋರ್ಸುಗಳು ಬೇಕು. ಕೆಲಸಕ್ಕೆ ಸೇರಿದ ಮೇಲೆ ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಿಗೆ ಹೋಗಿ ಕಡಿಮೆ ಬಿದ್ದದ್ದನ್ನು ತುಂಬಿಸಿಕೊಂಡೆ. ಅಲ್ಲಿ ಫೀಸು ವಿಶ್ವವಿದ್ಯಾಲಯಕ್ಕಿಂತ ತುಂಬ ಕಡಿಮೆ. ವಿಜ್ಞಾನ ಓದಿದವರಿಗೆ ಇಷ್ಟೊಂದು ಯಾಕೆ ಅಂತ ಹಲವರು ಗೊಣಗುತ್ತಾರೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತ್ಯಂತ ಯೋಚಿಸಿ ಇಟ್ಟ ಷರತ್ತು ಇದು.

ಅಯೋವಾದ ಒಂದು ಕೌಂಟಿಯಲ್ಲಿ ಗಾಳಿಯಂತ್ರಗಳ ಬಗ್ಗೆ ಊರವರ ಸಭೆ ಇತ್ತು. ಸೆಕೆಂಡಿಗೆ 5 ಮೀಟರ್‌ಗಿಂತ ಕಡಿಮೆ ಗಾಳಿ ಇರುವ ರಾತ್ರಿಗಳಲ್ಲಿ, ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ, ಬಾವಲಿಗಳಿಗೆ ಪೆಟ್ಟಾಗದಂತೆ ಯಂತ್ರದ ರೆಕ್ಕೆಗಳನ್ನು ನಿಲ್ಲಿಸಬೇಕು ಅಂತ ನಾನು ವರದಿಯಲ್ಲಿ ಬರೆದಿದ್ದೆ. ಮೆಕ್ಕೆಜೋಳ, ಸೋಯಾ ಬೆಳೆಯುವ ರೈತರೊಬ್ಬರು ಎದ್ದು, ಯಂತ್ರ ನಿಂತರೆ ನನ್ನ ಹೊಲಕ್ಕೆ ಬರುವ ಬಾಡಿಗೆಯೂ ಕಡಿಮೆಯಾಗುತ್ತಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ಬಾವಲಿಗಳು ಹೆಚ್ಚು ಹಾರುವುದು ಗಾಳಿ ಕಡಿಮೆ ಇರುವ ರಾತ್ರಿಗಳಲ್ಲಿ, ಅದೇ ಗಾಳಿಗೆ ವಿದ್ಯುತ್ತೂ ಕಡಿಮೆಯೇ ಹುಟ್ಟುತ್ತದೆ, ಹಾಗಾಗಿ ವರ್ಷದ ಲೆಕ್ಕದಲ್ಲಿ ನಷ್ಟ ತುಂಬ ಚಿಕ್ಕದು ಅಂತ ವಿವರಿಸಿದೆ. ಮೆಕ್ಕೆಜೋಳಕ್ಕೆ ಬೀಳುವ ಹುಳದ ಪತಂಗಗಳನ್ನು ಇದೇ ಬಾವಲಿಗಳು ತಿನ್ನುತ್ತವೆ ಅಂತಲೂ ಹೇಳಿದೆ. ಅವರು ಮತ್ತೆರಡು ಪ್ರಶ್ನೆ ಕೇಳಿ, ಗುರುತು ಹಾಕಿಕೊಂಡು ಕೂತರು. ಇದನ್ನೆಲ್ಲ ಗ್ರಾಫು ತೋರಿಸದೆ, ನಿಂತ ಕಾಲಲ್ಲಿ, ಸರಳ ಮಾತಿನಲ್ಲಿ ಹೇಳಲು ನನಗೆ ಕಲಿಸಿದ್ದು ಆ ಸಂಜೆ ತರಗತಿಗಳು.

ಅನುಭವದ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೀ ಬಲೆ ಹಾಕಿದೆ, ಎಣಿಸಿದೆ ಅಂತ ಬರೆದರೆ ಸಾಲದು. ಸಮೀಕ್ಷೆಯನ್ನು ಯೋಜಿಸಿದವರು ಯಾರು, ಮಾಹಿತಿ ವಿಶ್ಲೇಷಿಸಿ ತೀರ್ಮಾನ ಕೊಟ್ಟವರು ಯಾರು, ಅದು ಕಾಣಬೇಕು.

ಇನ್ನೊಂದು ಮಾತು. ಅಮೆರಿಕದ ಕೇಂದ್ರ ಸರ್ಕಾರದ ವನ್ಯಜೀವಿ ತಜ್ಞರ ಹುದ್ದೆಗಳಿಗೆ ಬೇರೆಯದೇ ಲೆಕ್ಕ ಇದೆ: ವನ್ಯಜೀವಿ ವಿಷಯ 9, ಪ್ರಾಣಿಶಾಸ್ತ್ರ 12, ಸಸ್ಯಶಾಸ್ತ್ರ 9 ಗಂಟೆ. ಅಲ್ಲಿಗೆ ಬಹುತೇಕ ಪೌರತ್ವವೂ ಬೇಕು. ಆದರೂ ನಿಮ್ಮ ಪಟ್ಟಿ ಮಾಡುವಾಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ, ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಈಗ ಓದುತ್ತಿರುವವರು ಮಾಡಬೇಕಾದ್ದು ಇಷ್ಟು. ಪ್ರತಿ ಸೆಮಿಸ್ಟರ್ ಮುಗಿದ ಕೂಡಲೇ ಆ ಸ್ಕೀಮಿನ ಸಿಲೆಬಸ್ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಹೀಗೆ ಸ್ಕೀಮು ಬದಲಾಗುತ್ತಿದ್ದರೆ ನಿಮ್ಮ ಬ್ಯಾಚಿನ ಸಿಲೆಬಸ್ ಹುಡುಕುವುದು ಆಮೇಲೆ ಕಷ್ಟ. ಮೂರು ವರ್ಷದ ಡಿಗ್ರಿ ಅಂತ ಅಂಜಬೇಡಿ, ಮೇಲೊಂದು ಮಾಸ್ಟರ್ಸ್ ಇದ್ದರೆ ಗಂಟೆಗಳು ಸೇರುತ್ತವೆ. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜುಗಳಲ್ಲಿ ಓದುವವರಿಗೆ ನಾಲ್ಕು ವರ್ಷ, ಕೋರ್ಸುಗಳಿಗೆ ಸ್ಪಷ್ಟ ಹೆಸರು, ಪಕ್ಕದಲ್ಲೇ ಕ್ರೆಡಿಟ್. ಅವರ ಅರ್ಧ ಕೆಲಸ ಮಾರ್ಕ್ಸ್ ಕಾರ್ಡಿನಲ್ಲೇ ಆಗಿರುತ್ತದೆ. ಅರ್ಜಿ ಹಾಕುವ ಮುಂಚೆ ಸೊಸೈಟಿಯ ಈಗಿನ ನಮೂನೆಯನ್ನು ತರಿಸಿಕೊಂಡು, ನಿಮ್ಮ ಒಂದೊಂದು ಪೇಪರನ್ನೂ ಪೆನ್ಸಿಲಿನಲ್ಲಿ ಅದರ ಖಾನೆಗಳಿಗೆ ತುಂಬಿಸಿ ನೋಡಿ. ಯಾವ ಖಾನೆ ಖಾಲಿ ಉಳಿಯುತ್ತದೋ ಆ ಕೋರ್ಸಿಗೆ ಮುಂದಿನ ಸೆಮಿಸ್ಟರಿನಲ್ಲೇ ಹೆಸರು ಕೊಡಿ.